ಯಾವ ಊರಿನ ಮಾಮ್?

ಅಮೆರಿಕದ ವಲಸೆ ನ್ಯಾಯಾಲಯದಲ್ಲಿ ಒಂದು ವಿಚಾರಣೆ ಹೇಗೆ ನಡೆಯುತ್ತದೆ ಅಂತ ಮೊದಲು ಹೇಳುತ್ತೇನೆ. ನ್ಯಾಯಾಧೀಶರು ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳುತ್ತಾರೆ. ಪಕ್ಕದಲ್ಲಿ ಕೂತ ಒಬ್ಬ ದುಭಾಷಿ ಅದನ್ನು ಸ್ಪ್ಯಾನಿಷ್‌ಗೆ ತರುತ್ತಾರೆ. ಫೋನಿನ ಆ ತುದಿಯಲ್ಲಿ ಇನ್ನೊಬ್ಬ ದುಭಾಷಿ ಇರುತ್ತಾರೆ. ಅವರು ಸ್ಪ್ಯಾನಿಷ್ ಕೇಳಿಸಿಕೊಂಡು ಮಧ್ಯ ಅಮೆರಿಕದ ಗ್ವಾಟೆಮಾಲಾ ದೇಶದ ಮಾಮ್ ಭಾಷೆಯಲ್ಲಿ ಹೇಳುತ್ತಾರೆ. ಸಾಕ್ಷಿ ಹೇಳಲು ಕೂತ ಹೆಣ್ಣುಮಗಳು ಮಾಮ್‌ನಲ್ಲಿ ಉತ್ತರ ಕೊಡುತ್ತಾರೆ. ಆ ಉತ್ತರ ಬಂದ ದಾರಿಯಲ್ಲೇ ವಾಪಸ್ ಹೋಗಬೇಕು. ಮಾಮ್‌ನಿಂದ ಸ್ಪ್ಯಾನಿಷ್, ಸ್ಪ್ಯಾನಿಷ್‌ನಿಂದ ಇಂಗ್ಲಿಷ್. ಈ ಪದ್ಧತಿಗೆ ರಿಲೇ ಅನ್ನುತ್ತಾರೆ.

ಇದು ಯಾರೋ ಒಬ್ಬರ ಕಥೆ ಅಲ್ಲ. ಬಹಳ ಸಲ ಏರ್ಪಾಡು ಇರುವುದೇ ಹೀಗೆ. 2018ರ ಸುಮಾರಿಗೆ ಅಮೆರಿಕದ ವಲಸೆ ನ್ಯಾಯಾಲಯಗಳಲ್ಲಿ ಅತಿ ಹೆಚ್ಚು ಬಳಕೆಯಾದ ಭಾಷೆಗಳ ಪಟ್ಟಿಯಲ್ಲಿ ಮಾಮ್ ಒಂಬತ್ತನೇ ಸ್ಥಾನದಲ್ಲಿತ್ತು. ಫ್ರೆಂಚ್ ಕೂಡ ಅದಕ್ಕಿಂತ ಕೆಳಗಿತ್ತು. ಗ್ವಾಟೆಮಾಲಾದ ಪಶ್ಚಿಮ ಬೆಟ್ಟಗಳ ಒಂದು ಮಾಯಾ ಭಾಷೆ ಅಲ್ಲಿವರೆಗೆ ಬಂದಿದೆ.

ಈಗ ನೋಡಿ, ಕಡತದಲ್ಲಿ ಎರಡು ಸಾಲು ಇರುತ್ತವೆ. ಅರ್ಜಿದಾರರ ಭಾಷೆ: ಮಾಮ್. ದುಭಾಷಿಯ ಭಾಷೆ: ಮಾಮ್. ಕಾಗದದ ಮೇಲೆ ಎಲ್ಲ ಸರಿ ಇದೆ. ಆದರೆ ಆ ಹೆಣ್ಣುಮಗಳು ಸಾನ್ ಮಾರ್ಕೋಸ್ ಪ್ರಾಂತ್ಯದ ಕೊಮಿತಾನ್ಸಿಯೊ ಊರಿನವರು, ಫೋನಿನಲ್ಲಿರುವವರು ಉವೆಉವೆತೆನಾಂಗೊ ಪ್ರಾಂತ್ಯದ ತೋದೋಸ್ ಸಾಂತೋಸ್‌ನವರು ಅಂತ ಇಟ್ಟುಕೊಳ್ಳಿ. ಇಬ್ಬರೂ ತಾವಾಡುವುದು ಮಾಮ್ ಅನ್ನುತ್ತಾರೆ, ಮತ್ತು ಇಬ್ಬರ ಮಾತೂ ನಿಜ. ಆದರೂ ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಧಂಬರ್ಧ ಕೇಳಿಸುತ್ತದೆ. ದೊಡ್ಡವರ ಎದುರು "ಅರ್ಥ ಆಗಲಿಲ್ಲ" ಅಂತ ಮತ್ತೆ ಮತ್ತೆ ಹೇಳಲು ಆ ಹೆಣ್ಣುಮಗಳಿಗೆ ಸಂಕೋಚ. ಹೂಂ ಅಂದುಬಿಡುತ್ತಾರೆ. ಆ ಹೂಂ ಮುಂದೆ ಇಂಗ್ಲಿಷಿನಲ್ಲಿ ಸಾಕ್ಷ್ಯ ಆಗಿ ದಾಖಲಾಗುತ್ತದೆ.

ಈ ಬರಹದ ವಿಷಯ ಇದೇ. ಒಂದು ಹೆಸರಿನ ಅಡಿಯಲ್ಲಿ ಹತ್ತಾರು ಊರಿನ ಮಾತುಗಳಿವೆ. ಆ ಭಾಷೆ ಬದುಕಿದೆಯಾ, ಸೊರಗುತ್ತಿದೆಯಾ ಅಂತ ನೋಡಬೇಕಾದರೂ, ಅದನ್ನಾಡುವವರಿಗೆ ನ್ಯಾಯ ಸಿಗಬೇಕಾದರೂ ಊರಿನ ಮಟ್ಟಕ್ಕೆ ಇಳಿಯಲೇಬೇಕು ಅನ್ನುವುದು ನನ್ನ ನಂಬಿಕೆ. ಯಾಕೆ ಅಂತ ಹೇಳುತ್ತೇನೆ.

ಊರೇ ಲೋಕ

ಮಾಯಾ ಅಂದರೆ ಒಂದು ಭಾಷೆಯಲ್ಲ, ಸುಮಾರು ಮೂವತ್ತು ಭಾಷೆಗಳ ಕುಟುಂಬ. ಗ್ವಾಟೆಮಾಲಾ ಒಂದರಲ್ಲೇ 22 ಮಾಯಾ ಭಾಷೆಗಳಿಗೆ ಮಾನ್ಯತೆ ಇದೆ. ಕಿಚೆ, ಕೆಕ್ಚಿ, ಕಕ್ಚಿಕೆಲ್, ಮಾಮ್ ಇವು ನಾಲ್ಕು ದೊಡ್ಡವು. 2018ರ ಜನಗಣತಿಯಲ್ಲಿ 8 ಲಕ್ಷ 42 ಸಾವಿರ ಜನ ತಮ್ಮನ್ನು ಮಾಮ್ ಸಮುದಾಯದವರು ಅಂತ ಬರೆಸಿದ್ದಾರೆ. ಮಾತಾಡುವವರು ಸುಮಾರು 6 ಲಕ್ಷ. ಈ ಎರಡು ಸಂಖ್ಯೆಗಳ ನಡುವಿನ ಅಂತರ ನೆನಪಿರಲಿ, ಅದರ ಹಿಂದೆ ಒಂದು ನೋವಿನ ಚರಿತ್ರೆ ಇದೆ.

ಮಾಮ್ ಜನ ಇರುವುದು ಉವೆಉವೆತೆನಾಂಗೊ, ಸಾನ್ ಮಾರ್ಕೋಸ್, ಕೆತ್ಸಾಲ್ತೆನಾಂಗೊ ಎಂಬ ಮೂರು ಪ್ರಾಂತ್ಯಗಳಲ್ಲಿ. ಉತ್ತರಕ್ಕೆ 3,800 ಮೀಟರ್ ಏರುವ ಕುಚುಮತಾನೆಸ್ ಬೆಟ್ಟಸಾಲು. ದಕ್ಷಿಣಕ್ಕೆ 4,200 ಮೀಟರ್‌ನ ತಹುಮುಲ್ಕೊ ಜ್ವಾಲಾಮುಖಿ. ನಡುವೆ ಆಳವಾದ ಕಣಿವೆಗಳು. ಒಂದು ಊರಿಂದ ಎದುರು ಗುಡ್ಡದ ಊರು ಕಣ್ಣಿಗೆ ಕಾಣುತ್ತದೆ, ಹೋಗಲು ಮಾತ್ರ ಇಳಿದು ಹತ್ತಬೇಕು.

ಬೆಟ್ಟಗುಡ್ಡ ಇದ್ದಲ್ಲಿ ಮಾತು ಬೇರೆಬೇರೆ ಆಗುವುದು ಸಹಜ. ಆದರೆ ಇಲ್ಲಿ ಅದರ ಜೊತೆ ಇನ್ನೊಂದು ಕಾರಣ ಸೇರಿದೆ. 1525ರಲ್ಲಿ ಗೊನ್ಸಾಲೊ ದೆ ಅಲ್ವರಾದೊನ ಸ್ಪ್ಯಾನಿಷ್ ಪಡೆ ಮಾಮ್ ಜನರ ಕೋಟೆ ಸಾಕುಲೆವುವನ್ನು ತಿಂಗಳುಗಟ್ಟಲೆ ಮುತ್ತಿಗೆ ಹಾಕಿ, ಹಸಿವಿನಿಂದ ಕೆಡವಿ ಗೆದ್ದಿತು. ಆಮೇಲೆ ಹದಿನಾರನೇ ಶತಮಾನದಲ್ಲೇ ಗುಡ್ಡಗಳಲ್ಲಿ ಚದುರಿದ್ದ ಜನರನ್ನು ಒಟ್ಟು ಮಾಡಿ ಚರ್ಚಿನ ಸುತ್ತ ಕೂರಿಸಿದರು. ತೆರಿಗೆ ಎತ್ತಲು, ಮತಕ್ಕೆ ಸೇರಿಸಲು ಅದು ಸಲೀಸು. ಪ್ರತಿ ಊರಿಗೂ ಒಬ್ಬ ಸಂತರ ಹೆಸರು ಬಂತು: ಸಾನ್ ಹುವಾನ್, ಸಾನ್ ಪೆದ್ರೊ, ಸಾನ್ ಇಲ್ದೆಫೊನ್ಸೊ. ಜನ ಆ ಊರನ್ನೇ ತಮ್ಮ ಲೋಕ ಮಾಡಿಕೊಂಡರು. ಊರಿಗೊಂದು ಹಬ್ಬ, ಊರಿಗೊಂದು ನೇಯ್ಗೆ, ಊರಿಗೊಂದು ಮಾತು. ತೋದೋಸ್ ಸಾಂತೋಸ್‌ನ ಗಂಡಸರು ಇವತ್ತಿಗೂ ಕೆಂಪು ಬಿಳಿ ಪಟ್ಟೆಯ ಪ್ಯಾಂಟ್ ಹಾಕುತ್ತಾರೆ. ಸಂತೆಯಲ್ಲಿ ಒಬ್ಬರ ಉಡುಪು ನೋಡಿ ಊರು ಹೇಳಬಹುದು, ಬಾಯಿ ತೆರೆದರೆ ಊರು ಖಾತ್ರಿ ಆಗುತ್ತದೆ. 1937ರಲ್ಲೇ ಮಾನವಶಾಸ್ತ್ರಜ್ಞ ಸೋಲ್ ಟ್ಯಾಕ್ಸ್ ಇದನ್ನು ಗುರುತಿಸಿದ್ದರು. ಗ್ವಾಟೆಮಾಲಾದ ಬೆಟ್ಟದ ಜನರನ್ನು ಅರಿಯಬೇಕಾದರೆ ಬುಡಕಟ್ಟಿನ ಲೆಕ್ಕದಲ್ಲಲ್ಲ, ಊರಿನ ಲೆಕ್ಕದಲ್ಲಿ ನೋಡಬೇಕು ಅನ್ನುವುದು ಅವರ ವಾದ.

ಭಾಷಾವಿಜ್ಞಾನಿಗಳು ಮಾಮ್ ಅನ್ನು ಸ್ಥೂಲವಾಗಿ ಉತ್ತರ, ದಕ್ಷಿಣ, ಪಶ್ಚಿಮ ಅಂತ ಮೂರು ಮಾಡುತ್ತಾರೆ. ಒಳಗೊಳಗೇ ಇಷ್ಟು ಭೇದವಿರುವ ಮಾಯಾ ಭಾಷೆಗಳು ಕಡಿಮೆ. ಅಕ್ಕಪಕ್ಕದ ಊರಿನವರು ಸ್ವಲ್ಪ ಕಿವಿಗೊಟ್ಟರೆ ಅರ್ಥವಾಗುತ್ತದೆ. ಎರಡು ತುದಿಯವರು ಸಿಕ್ಕರೆ ಎಷ್ಟೋ ಸಲ ಸ್ಪ್ಯಾನಿಷ್‌ಗೆ ಜಾರುತ್ತಾರೆ. ಬೈಬಲ್ ಅನ್ನು ಕೂಡ ಬೇರೆ ಬೇರೆ ಕಡೆಯ ಮಾಮ್‌ಗೆ ಬೇರೆ ಬೇರೆಯಾಗಿಯೇ ಅನುವಾದ ಮಾಡಬೇಕಾಯಿತು.

ಹತ್ತಿರದಿಂದ ನೋಡಿದರೆ

ಇಲ್ಲಿ ಸ್ವಲ್ಪ ನಿಧಾನ ಮಾಡುತ್ತೇನೆ. ರಿಲೇಯಲ್ಲಿ ಏನು ಕಳೆದುಹೋಗುತ್ತದೆ ಅನ್ನುವುದು ಭಾಷೆಯನ್ನು ಹತ್ತಿರದಿಂದ ನೋಡದೆ ತಿಳಿಯುವುದಿಲ್ಲ. ಉದಾಹರಣೆಗಳೆಲ್ಲ ಸಾನ್ ಇಲ್ದೆಫೊನ್ಸೊ ಇಸ್ತವಾಕಾನ್ ಊರಿನ ಮಾಮ್‌ನವು. ನೋರಾ ಇಂಗ್ಲೆಂಡ್ ಎಂಬ ಭಾಷಾವಿಜ್ಞಾನಿ ಆ ಊರಿನ ಮಾತಿನ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿ 1983ರಲ್ಲಿ ವ್ಯಾಕರಣ ಬರೆದರು. ಆಮೇಲೆ ಮಾಯಾ ಯುವಕ ಯುವತಿಯರಿಗೇ ಭಾಷಾವಿಜ್ಞಾನ ಕಲಿಸಿದರು. ಅವರ ಶಿಷ್ಯರು ತಮ್ಮ ತಮ್ಮ ಭಾಷೆಗೆ ತಾವೇ ವ್ಯಾಕರಣ ಬರೆಯುವಂತಾದರು. ನನ್ನ ಪಾಲಿಗೆ ಅವರ ದೊಡ್ಡ ಕೆಲಸ ಅದೇ.

ಮೊದಲು ಸದ್ದು. ನಮ್ಮ ಶ ಮತ್ತು ಷ ನೆನಪಿಸಿಕೊಳ್ಳಿ. ಬರೆಯುವಾಗ ಬೇರೆ, ಆದರೆ ದಿನದ ಮಾತಿನಲ್ಲಿ ಬಹಳ ಜನ ಎರಡನ್ನೂ ಒಂದೇ ತರ ಹೇಳುತ್ತೇವೆ, ಅಲ್ವಾ? ಮಾಮ್‌ನಲ್ಲಿ ಎರಡೂ ಜೀವಂತ. ನಾಲಿಗೆ ಮೇಲಕ್ಕೆ ಮಡಚಿ ಹೇಳುವ ಷ ಬೇರೆ, ಶ ಬೇರೆ. ಷ್ಹಾಲ್ ಅಂದರೆ ಮನುಷ್ಯ, ಅಲ್ಲಿ ಇರುವುದು ಷ. ಹಾಗೆಯೇ ಎರಡು ಬಗೆಯ ಚಕಾರ ಇದೆ. ನಾಲಿಗೆ ಮಡಚಿ ಹೇಳುವ ಚಕಾರವನ್ನು ಟ್ಷ ಅಂತ ಬರೆದುಕೊಳ್ಳೋಣ. ಇದರ ಮೇಲೆ ಗಂಟಲು ಬಿಗಿಹಿಡಿದು ಟಕ್ ಅಂತ ಬಿಡುವ ಸದ್ದುಗಳಿವೆ. ಅವು ನಮ್ಮ ಮಹಾಪ್ರಾಣ ಅಲ್ಲ. ಮಹಾಪ್ರಾಣದಲ್ಲಿ ಉಸಿರು ಹೊರಗೆ ನುಗ್ಗುತ್ತದೆ, ಇಲ್ಲಿ ಉಸಿರು ನಿಂತು ಸಿಡಿಯುತ್ತದೆ. ನಾಯಿಗೆ ಟ್ಷ್ಯಾನ್ ಅನ್ನುತ್ತಾರೆ, ಮೊದಲ ಅಕ್ಷರ ಹೀಗೆ ಸಿಡಿಯಬೇಕು. ಕೆಲವು ಊರುಗಳಲ್ಲಿ ಪದದ ನಡುವಿನ ಸ್ವರವನ್ನು ನುಂಗಿಬಿಡುತ್ತಾರೆ, ವ್ಯಂಜನಗಳು ಒಂದರ ಮೇಲೊಂದು ಕೂರುತ್ತವೆ. ಇನ್ನು ಕೆಲವು ಊರುಗಳಲ್ಲಿ ಸ್ವರ ಹಾಗೇ ಉಳಿದಿದೆ. ಫೋನಿನ ಗೊರಗೊರ ಸದ್ದಿನಲ್ಲಿ ಇಷ್ಟೇ ವ್ಯತ್ಯಾಸ ಸಾಕು, ಪದ ತಪ್ಪಿಹೋಗುತ್ತದೆ.

ಆಮೇಲೆ "ನಾವು". ಮಾ ಕೋ ಬೇಟ್ ಅಂದರೆ ನಾವು ನಡೆದೆವು, ಕೇಳುತ್ತಿರುವ ನೀನೂ ಸೇರಿ. ಮಾ ಕೋ ಬೇಟಾ ಅಂದರೆ ನಾವು ನಡೆದೆವು, ನಿನ್ನನ್ನು ಬಿಟ್ಟು. ಕೊನೆಯ ಒಂದು ಆ ಮಾತ್ರ ವ್ಯತ್ಯಾಸ. ತೆಲುಗಿನ ಮನಂ, ಮೇಮು ಗೊತ್ತಿದ್ದವರಿಗೆ ಇದು ಕೂಡಲೇ ತಿಳಿಯುತ್ತದೆ. ಸ್ಪ್ಯಾನಿಷ್‌ನಲ್ಲಿ ಈ ಭೇದ ಇಲ್ಲ, ಇಂಗ್ಲಿಷಿನಲ್ಲೂ ಇಲ್ಲ. ಸಾಕ್ಷ್ಯದಲ್ಲಿ "ನಾವು ಓಡಿದೆವು" ಅಂತ ಬಂದರೆ ಯಾರು ಯಾರು ಅಂತ ಮತ್ತೆ ಕೇಳಬೇಕು.

ಕಾಲದ ಲೆಕ್ಕವೂ ಬೇರೆ. ಕ್ರಿಯಾಪದದ ಮುಂದೆ ಮಾ ಅಂತ ಬಂದರೆ ಈಗಷ್ಟೇ, ಇವತ್ತೇ ಆದದ್ದು. ಓ ಅಂತ ಬಂದರೆ ಅದಕ್ಕೂ ಹಿಂದಿನದು. ಕ್ರಿಯಾಪದದ ಜೊತೆ ದಿಕ್ಕು ಹೇಳುವ ಪುಟ್ಟ ಪದಗಳೂ ಸೇರುತ್ತವೆ. ಷಿ ಅಂದರೆ ಇಲ್ಲಿಂದ ಆಚೆಗೆ, ತ್ಸಾಹ್ ಅಂದರೆ ಈಚೆಗೆ, ಕುಬ್ ಅಂದರೆ ಕೆಳಕ್ಕೆ, ಏಲ್ ಅಂದರೆ ಹೊರಕ್ಕೆ, ಓಕ್ ಅಂದರೆ ಒಳಕ್ಕೆ. ಬೆಟ್ಟದ ಜನಕ್ಕೆ ಏರಿದ್ದಾ, ಇಳಿದದ್ದಾ, ಹೊರಬಿದ್ದದ್ದಾ ಅನ್ನುವುದು ಮಾತಿನ ಭಾಗವೇ. ಅನುವಾದದಲ್ಲಿ ಇವು ಸುಮ್ನೆ ಉದುರಿಹೋಗುತ್ತವೆ. ಆಶ್ರಯ ಕೇಳಿ ಬಂದವರಿಗೆ ಕೇಳುವ ಪ್ರಶ್ನೆಗಳು ಮಾತ್ರ ಇವೇ: ಯಾವಾಗ, ಎಲ್ಲಿಂದ, ಯಾವ ಕಡೆಯಿಂದ, ಯಾರು ಒಳಗೆ ಬಂದರು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಜನರನ್ನು ಸೂಚಿಸುವ ಪದಗಳು. ಇಸ್ತವಾಕಾನ್ ಮಾಮ್‌ನಲ್ಲಿ ಅವನು, ಅವಳು ಅಂತ ಎರಡೇ ಪದದಲ್ಲಿ ಕೆಲಸ ಮುಗಿಯುವುದಿಲ್ಲ. ಕೂಸಿಗೆ ನೂಶ್. ಹುಡುಗಿಗೆ ಟ್ಷಿನ್. ನಡುವಯಸ್ಸಿನ ಗಂಡಸಿಗೆ ಮಾ, ಹೆಂಗಸಿಗೆ ಷು. ಮುದುಕನಿಗೆ ಸ್ವೇಹ್, ಆದರೆ ಗೌರವ ಇಟ್ಟು ಹೇಳುವುದಾದರೆ ಷ್ನೂಕ್. ಮುದುಕಿಗೆ ಶ್ಯಾ, ಗೌರವದಿಂದಾದರೆ ಷೂಹ್. ಮನುಷ್ಯರಲ್ಲದ್ದಕ್ಕೆಲ್ಲ ಹಾಲ್. ಅವನು, ಅವರು ಅಂತ ದಿನಾ ತೂಗಿ ಮಾತಾಡುವ ನಮಗೆ ಇದರ ಬೆಲೆ ಗೊತ್ತು. ಒಬ್ಬ ಹೆಣ್ಣುಮಗಳು ತನ್ನನ್ನು ಬೆದರಿಸಿದವನ ಬಗ್ಗೆ ಹೇಳುವಾಗ ಸ್ವೇಹ್ ಅಂದರೋ ಷ್ನೂಕ್ ಅಂದರೋ ಅನ್ನುವುದರಲ್ಲಿ ಅವನ ವಯಸ್ಸೂ ಇದೆ, ಅವನು ಊರಲ್ಲಿ ಎಂಥ ಸ್ಥಾನದವನು, ಇವರು ಅವನನ್ನು ಹೇಗೆ ನೋಡುತ್ತಿದ್ದರು ಅನ್ನುವುದೂ ಇದೆ. ಇಂಗ್ಲಿಷಿಗೆ ಬರುವ ಹೊತ್ತಿಗೆ ಬರೀ "ಅವನು" ಉಳಿಯುತ್ತದೆ.

ಊರಿಂದ ಊರಿಗೆ ಹೆಚ್ಚು ಬದಲಾಗುವುದು ಇಂಥ ಸಣ್ಣ ಪದಗಳು, ಕೊನೆಯ ಪ್ರತ್ಯಯಗಳು. ಮೆಕ್ಕೆಜೋಳ, ನೀರು, ಮನೆ ಇಂಥ ದೊಡ್ಡ ಪದಗಳು ಹೇಗೋ ಗೊತ್ತಾಗುತ್ತವೆ. ಯಾರು, ಯಾವಾಗ, ಯಾವ ಕಡೆ ಅಂತ ಹೇಳುವ ಪುಡಿ ಪದಗಳೇ ಕೈಕೊಡುತ್ತವೆ. ಇಬ್ಬರೂ ಮಾಮ್ ಆಡಿದರೂ ಸಾಕ್ಷ್ಯ ಹಾಳಾಗುವುದು ಇಲ್ಲಿ.

ಸೊರಗಿದ್ದು ಎಲ್ಲಿ, ಉಳಿದಿದ್ದು ಎಲ್ಲಿ

ಆರು ಲಕ್ಷ ಜನ ಮಾತಾಡುವ ಭಾಷೆಗೆ ಏನಾಗುತ್ತದೆ ಅನ್ನಬಹುದು. ಒಟ್ಟು ಸಂಖ್ಯೆ ನೋಡಿದರೆ ಭಾಷೆ ಗಟ್ಟಿಯಾಗಿ ಕಾಣುತ್ತದೆ. ಊರೂರು ನೋಡಿದರೆ ಚಿತ್ರ ಬೇರೆ.

ಸಾನ್ ಮಾರ್ಕೋಸ್ ಪ್ರಾಂತ್ಯದಲ್ಲಿ ಸಾನ್ ಪೆದ್ರೊ ಸಕತೆಪೆಕೆಸ್ ಅಂತ ಒಂದು ವ್ಯಾಪಾರದ ಪಟ್ಟಣ ಇದೆ. ಅದು ಮಾಮ್ ಜನರ ಊರು. 1876ರ ಅಕ್ಟೋಬರ್‌ನಲ್ಲಿ ಅಧ್ಯಕ್ಷ ಹುಸ್ತೊ ರುಫಿನೊ ಬಾರಿಯೊಸ್ ಒಂದು ಆಜ್ಞೆ ಹೊರಡಿಸಿದರು. ಆ ಊರಿನ ಮೂಲನಿವಾಸಿ ಗಂಡಸರು, ಹೆಂಗಸರು ಎಲ್ಲರೂ ಇನ್ನು ಲಾದಿನೊಗಳು ಅಂತ ಅದರಲ್ಲಿ ಘೋಷಣೆ. ಲಾದಿನೊ ಅಂದರೆ ಸ್ಪ್ಯಾನಿಷ್ ಮಾತಾಡುವ, ಮಾಯಾ ಅಲ್ಲದವರು. ಉಡುಪೂ ಬದಲಾಗಬೇಕು ಅಂತ ಆಜ್ಞೆಯಲ್ಲೇ ಇತ್ತು. ಒಂದು ಕಾಗದದಿಂದ ಒಂದು ಊರಿನ ಜನರ ಗುರುತನ್ನೇ ಬದಲಿಸಲು ಹೊರಟಿದ್ದು ಇದು. ಮಾತು ಒಂದೇ ದಿನಕ್ಕೆ ಹೋಗಲಿಲ್ಲ. ಆದರೆ ಇವತ್ತು ಆ ಪಟ್ಟಣ ವ್ಯವಹರಿಸುವುದು ಸ್ಪ್ಯಾನಿಷ್‌ನಲ್ಲಿ. ಅದೇ ಪ್ರಾಂತ್ಯದ ಕೊಮಿತಾನ್ಸಿಯೊದಲ್ಲಿ ಮಕ್ಕಳು ಈಗಲೂ ಮಾಮ್ ಆಡುತ್ತಲೇ ಬೆಳೆಯುತ್ತಾರೆ.

ಗಡಿಯಾಚೆ ಮೆಕ್ಸಿಕೊದ ಚಿಯಾಪಾಸ್‌ನಲ್ಲಿ ಇದಕ್ಕಿಂತ ಕಠೋರವಾಗಿ ನಡೆಯಿತು. 1882ರ ಒಪ್ಪಂದದಲ್ಲಿ ಗಡಿ ಎಳೆದಾಗ ಒಂದಷ್ಟು ಮಾಮ್ ಜನ ಮೆಕ್ಸಿಕೊ ಕಡೆ ಸೇರಿದರು. ಅಲ್ಲಿನ ಸೊಕೊನುಸ್ಕೊ ಸೀಮೆಯ ಕಾಫಿ ತೋಟಗಳಿಗೆ ಕೂಲಿಗೆ ಬಂದವರೂ ಸೇರಿಕೊಂಡರು. 1930ರ ದಶಕದಲ್ಲಿ ಗವರ್ನರ್ ವಿಕ್ತೊರಿಕೊ ಗ್ರಹಾಲೆಸ್ ಕಾಲದಲ್ಲಿ ಇವರನ್ನೆಲ್ಲ ಮೆಕ್ಸಿಕನ್ನರನ್ನಾಗಿ ಮಾಡುವ ಅಭಿಯಾನ ಶುರುವಾಯಿತು. ಸಾಂಪ್ರದಾಯಿಕ ಬಟ್ಟೆ ಸುಟ್ಟರು. ಶಾಲೆಯಲ್ಲಿ ಮಾಮ್ ಆಡುವಂತಿಲ್ಲ. ಮಾಮ್ ಆಡಿದರೆ ಗ್ವಾಟೆಮಾಲಾದವರು ಅಂತ ಅನುಮಾನ. ತಂದೆತಾಯಿ ಮಕ್ಕಳ ಹತ್ತಿರ ಮಾಮ್ ಆಡುವುದನ್ನೇ ಬಿಟ್ಟರು. ಅದನ್ನು ಪ್ರೀತಿ ಇಲ್ಲದೆ ಮಾಡಿದ್ದು ಅನ್ನಲಾಗದು. ಮಕ್ಕಳಿಗೆ ಪೆಟ್ಟು ಬೀಳಬಾರದು ಅಂತ ಬಾಯಿ ಮುಚ್ಚಿಕೊಂಡರು. ಇವತ್ತು ಮೆಕ್ಸಿಕೊದಲ್ಲಿ ಮಾಮ್ ಆಡುವವರು ಸುಮಾರು 11 ಸಾವಿರ.

ತೋದೋಸ್ ಸಾಂತೋಸ್ ಸುತ್ತಮುತ್ತ ಮಾಮ್ ಉಳಿಯಿತು. ದೂರ ಇದ್ದದ್ದು ಒಂದು ಕಾರಣ. ಊರಿನ ಅಭಿಮಾನ ಅದಕ್ಕಿಂತ ದೊಡ್ಡದು. ಅಲ್ಲಿಗೂ ಕಷ್ಟ ಬಾರದೇ ಇರಲಿಲ್ಲ. 1982ರಲ್ಲಿ ಸೇನೆಯ ದಾಳಿಗೆ ಆ ಊರೂ ತುತ್ತಾಯಿತು, ಎಷ್ಟೋ ಕುಟುಂಬಗಳು ಮೆಕ್ಸಿಕೊ ಕಡೆ ಓಡಿದವು. 36 ವರ್ಷ ನಡೆದ ಗ್ವಾಟೆಮಾಲಾದ ಅಂತರ್ಯುದ್ಧದಲ್ಲಿ ಸತ್ತವರು, ಕಾಣೆಯಾದವರು 2 ಲಕ್ಷ ಅಂತ ಸತ್ಯಶೋಧನಾ ಆಯೋಗ 1999ರಲ್ಲಿ ಹೇಳಿತು. ಗುರುತು ಸಿಕ್ಕಿದವರಲ್ಲಿ ನೂರಕ್ಕೆ 83 ಜನ ಮಾಯಾ.

ಊರಿನ ಮಾತಿಗೆ ಅಂಟಿಕೊಂಡದ್ದಕ್ಕೇ ಮಾಮ್ ಉಳಿದಿದೆ ಅನ್ನುವುದು ಇದರಿಂದ ನನಗೆ ಕಾಣುವ ವಿಷಯ. ಅಜ್ಜಿ ಆಡಿದ ಹಾಗೆ ಆಡುವುದು ಅಲ್ಲಿ ವ್ಯಾಕರಣದ ವಿಚಾರ ಅಲ್ಲ, ನಾನು ಈ ಊರಿನವನು ಅನ್ನುವುದರ ಗುರುತು. ಅದೇ ಅಂಟು ಹೊರಗಿನ ವ್ಯವಸ್ಥೆಗೆ ತೊಡಕಾಗುತ್ತದೆ. ಶಾಲೆಗೆ ಒಂದೇ ಪುಸ್ತಕ ಬೇಕು, ನ್ಯಾಯಾಲಯಕ್ಕೆ ಒಬ್ಬ ದುಭಾಷಿ ಬೇಕು, ಅರ್ಜಿಗೆ ಒಂದು ಹೆಸರು ಬೇಕು.

ಒಂದೇ ಬರವಣಿಗೆಯ ಆಸೆ

ಒಂದು ಮಾಡುವ ಪ್ರಯತ್ನ ಮಾಯಾ ಜನರಿಂದಲೇ ಬಂದಿದೆ, ಅದಕ್ಕೆ ಒಳ್ಳೆಯ ಕಾರಣಗಳಿವೆ. ಮೊದಲು ಮಿಷನರಿಗಳು, ಸಂಸ್ಥೆಗಳು ತಮಗೆ ತೋಚಿದ ಹಾಗೆ ಬರೆಯುತ್ತಿದ್ದರು. ಸ್ಪ್ಯಾನಿಷ್ ಕಾಗುಣಿತದ ಜಾಡಿನಲ್ಲೇ ಬಹಳಷ್ಟು ಬರವಣಿಗೆ. 1987ರ ನವೆಂಬರ್‌ನಲ್ಲಿ ಮಾಯಾ ಭಾಷೆಗಳಿಗೆಲ್ಲ ಒಂದೇ ಅಕ್ಷರಮಾಲೆ ಸರ್ಕಾರದ ಆದೇಶವಾಗಿ ಬಂತು. 1990ರಲ್ಲಿ ಮಾಯಾ ಭಾಷೆಗಳ ಅಕಾಡೆಮಿಗೆ ಕಾಯ್ದೆಯ ಬಲ ಸಿಕ್ಕಿತು. ತಮ್ಮ ಭಾಷೆಯನ್ನು ಹೇಗೆ ಬರೆಯಬೇಕು ಅಂತ ತಾವೇ ತೀರ್ಮಾನಿಸುವ ಹಕ್ಕು ಅದು, ಸಣ್ಣದೇನಲ್ಲ. ಅದಕ್ಕೂ ಮುಂಚೆ 1984ರಲ್ಲಿ ಶುರುವಾದ ರಾಷ್ಟ್ರೀಯ ದ್ವಿಭಾಷಾ ಶಿಕ್ಷಣ ಕಾರ್ಯಕ್ರಮ ಆರಿಸಿಕೊಂಡ ನಾಲ್ಕು ಭಾಷೆಗಳಲ್ಲಿ ಮಾಮ್ ಒಂದು.

ಅಕ್ಷರ ಒಂದಾಯಿತು, ಆದರೆ ಪದ ಯಾರದ್ದು? ಪಠ್ಯಪುಸ್ತಕ ಒಂದು ಊರಿನ ರೂಪ ಹಿಡಿದರೆ ಇನ್ನೊಂದು ಊರಿನ ಮೇಷ್ಟ್ರು ಪುಟ ತಿರುಗಿಸಿ "ಇದು ನಮ್ಮ ಮಾಮ್ ಅಲ್ಲ" ಅನ್ನುತ್ತಾರೆ. ಸ್ಪ್ಯಾನಿಷ್‌ನಿಂದ ಬಂದು ಬಾಯಿಗೆ ಒಗ್ಗಿದ ಪದಗಳನ್ನು ತೆಗೆದು ಹೊಸ ಪದ ಕಟ್ಟಿದರೆ ಅಜ್ಜಂದಿರಿಗೆ ಅರ್ಥವಾಗುವುದಿಲ್ಲ. ಓದಲು ಬರುವವರು ಸ್ಪ್ಯಾನಿಷ್‌ನಲ್ಲೇ ಓದು ಕಲಿತವರು, ಅವರಿಗೆ ಮಾಮ್ ಪುಸ್ತಕ ನಿಧಾನ.

ಕಾನೂನಿನ ದಾರಿಯೂ ನೆಟ್ಟಗೆ ಇರಲಿಲ್ಲ. 1996ರ ಡಿಸೆಂಬರ್‌ನಲ್ಲಿ ಅಂತರ್ಯುದ್ಧ ಮುಗಿಸುವ ಶಾಂತಿ ಒಪ್ಪಂದ ಆಯಿತು. ಮೂಲನಿವಾಸಿಗಳ ಭಾಷೆಗಳಿಗೆ ಸಂವಿಧಾನದಲ್ಲಿ ಜಾಗ ಕೊಡುವ ಪ್ರಸ್ತಾಪ 1999ರ ಮೇ ತಿಂಗಳಲ್ಲಿ ಜನಮತಕ್ಕೆ ಹೋಗಿ ಸೋತಿತು. ಆ ದಿನ ಮತ ಹಾಕಿದವರೇ ಬಹಳ ಕಡಿಮೆ. 2003ರ ರಾಷ್ಟ್ರೀಯ ಭಾಷೆಗಳ ಕಾಯ್ದೆ ಒಂದಷ್ಟು ಹಕ್ಕು ಕೊಟ್ಟಿತು. ಆದರೆ ಊರಿನ ಮಾತಿಗೆ ನಿಜವಾಗಿ ದನಿಯಾಗಿದ್ದ ಪುಟ್ಟ ರೇಡಿಯೋಗಳಿಗೆ ಪರವಾನಗಿಯೇ ಸಿಗಲಿಲ್ಲ. ತರಂಗಾಂತರವನ್ನು ಹರಾಜಿನಲ್ಲಿ ಹೆಚ್ಚು ಹಣ ಕೊಟ್ಟವರಿಗೆ ಕೊಡುವ ಪದ್ಧತಿ. ಜೋಳ ಬೆಳೆದು ಬದುಕುವ ಊರಿಗೆ ಅಷ್ಟು ದುಡ್ಡು ಎಲ್ಲಿಂದ? ನಾಲ್ಕು ಮಾಯಾ ರೇಡಿಯೋಗಳ ಈ ಪ್ರಕರಣ ಅಮೆರಿಕ ಖಂಡಗಳ ಮಾನವ ಹಕ್ಕು ನ್ಯಾಯಾಲಯದವರೆಗೂ ಹೋಯಿತು. ಅವುಗಳಲ್ಲಿ ಒಂದು ತೋದೋಸ್ ಸಾಂತೋಸ್‌ನ ಮಾಮ್ ರೇಡಿಯೋ ಕ್ಮಾನ್ ಟ್ಷುನ್. 2021ರಲ್ಲಿ ತೀರ್ಪು ರೇಡಿಯೋಗಳ ಪರ ಬಂತು.

ರೇಡಿಯೋ ಬಗ್ಗೆ ನನಗೆ ವಿಶೇಷ ಒಲವಿದೆ, ಹೇಳಿಬಿಡುತ್ತೇನೆ. ಬರೆದ ಭಾಷೆ ಒಂದು ರೂಪ ಆರಿಸಿಕೊಳ್ಳಲೇಬೇಕು. ರೇಡಿಯೋಗೆ ಆ ಬಲವಂತ ಇಲ್ಲ. ಊರಿನವರು ಊರಿನ ಹಾಗೆ ಮಾತಾಡುತ್ತಾರೆ, ಪಕ್ಕದ ಊರಿನವರು ಕೇಳುತ್ತಾ ಕೇಳುತ್ತಾ ಕಿವಿ ಪಳಗಿಸಿಕೊಳ್ಳುತ್ತಾರೆ. ಉಪಭಾಷೆಗಳ ನಡುವೆ ಸೇತುವೆ ಕಟ್ಟಲು ಇದಕ್ಕಿಂತ ಸಲೀಸಾದ ದಾರಿ ನನಗೆ ಕಾಣುವುದಿಲ್ಲ.

ಓಕ್ಲೆಂಡ್‌ನಲ್ಲಿ

ಕ್ಯಾಲಿಫೋರ್ನಿಯಾದ ಓಕ್ಲೆಂಡ್ ಊರಿನ ಫ್ರೂಟ್‌ವೇಲ್ ಕಡೆ ಈಗ ಸಾವಿರಾರು ಮಾಮ್ ಜನ ಇದ್ದಾರೆ. ಬಹಳಷ್ಟು ಕುಟುಂಬಗಳು ತೋದೋಸ್ ಸಾಂತೋಸ್ ಕಡೆಯವು. ಅವರ ಹಿಂದೆ ಬೇರೆ ಊರಿನವರೂ ಬಂದರು. ಬೆಟ್ಟದಲ್ಲಿ ಒಬ್ಬರಿಗೊಬ್ಬರು ಅಪರೂಪಕ್ಕೆ ಸಿಗುತ್ತಿದ್ದವರು ಇಲ್ಲಿ ಒಂದೇ ಬೀದಿಯಲ್ಲಿ ಬಾಡಿಗೆಗೆ ಇದ್ದಾರೆ.

ಶಾಲೆಗಳು ಮೊದಲು ಇವರನ್ನೆಲ್ಲ ಸ್ಪ್ಯಾನಿಷ್‌ನವರು ಅಂತಲೇ ಬರೆದುಕೊಂಡವು. ಹೆಸರುಗಳು ಸ್ಪ್ಯಾನಿಷ್, ದೇಶ ಗ್ವಾಟೆಮಾಲಾ, ಹಾಗಾಗಿ ಭಾಷೆಯೂ ಅದೇ ಅಂದುಕೊಂಡರು. ತಾಯಂದಿರೂ ಎಷ್ಟೋ ಸಲ ಹಾಗೇ ಹೇಳಿದರು. ಊರಲ್ಲಿ ಮಾಮ್ ಆಡುತ್ತೇನೆ ಅಂದರೆ ಅವಮಾನ ಆಗಿದ್ದ ಅನುಭವ ಅವರಿಗಿತ್ತು. ನಿಧಾನಕ್ಕೆ ವಿಷಯ ತಿಳಿಯಿತು. ಈಗ ಅಲ್ಲಿನ ಶಾಲಾ ವ್ಯವಸ್ಥೆಯಲ್ಲಿ ಮಾಮ್ ದುಭಾಷಿಗಳಿದ್ದಾರೆ. ಸೂಚನೆಗಳನ್ನು ಧ್ವನಿ ಮಾಡಿ ಕಳಿಸುವುದು ಹೆಚ್ಚು ಉಪಯೋಗಕ್ಕೆ ಬರುತ್ತದೆ, ಏಕೆಂದರೆ ಮಾಮ್ ಓದಲು ಬರುವ ತಂದೆತಾಯಿ ಕಡಿಮೆ. ಲೇನಿ ಕಾಲೇಜಿನಲ್ಲಿ ಮಾಮ್ ಪಾಠ ಶುರುವಾಯಿತು. ನರ್ಸ್‌ಗಳು, ಶಿಕ್ಷಕರು, ಇಲ್ಲೇ ಹುಟ್ಟಿದ ಮಾಮ್ ಮಕ್ಕಳು ಕಲಿಯಬಹುದು. ಕ್ಯೋಲ್, ಅಂದರೆ "ನಮ್ಮ ಮಾತು", ಕಾಲೇಜಿನ ಪಾಠವಾಯಿತು. ಚ್ಹೊಂತೆ ತೇಯ್, ನಿಮಗೆ ಧನ್ಯವಾದ ಅನ್ನುವ ಮಾತು, ಆಸ್ಪತ್ರೆಯ ಸಿಬ್ಬಂದಿಯ ಬಾಯಿಂದಲೂ ಕೇಳಿಬರುವ ಹಾಗಾಯಿತು.

ಇದೆಲ್ಲ ನಿಜಕ್ಕೂ ಖುಷಿಯ ವಿಷಯ. ಆದರೆ ಇಲ್ಲಿ ಇನ್ನೊಂದು ಬಗೆಯ ಬದಲಾವಣೆಯೂ ನಡೆಯುತ್ತದೆ. ಹೆಚ್ಚು ಜನ ತೋದೋಸ್ ಸಾಂತೋಸ್‌ನವರಾದ್ದರಿಂದ ದುಭಾಷಿಗಳಲ್ಲೂ ಆ ಊರಿನವರೇ ಜಾಸ್ತಿ ಸಿಗುತ್ತಾರೆ. ಹೊರಗಿನವರ ಕಿವಿಯಲ್ಲಿ ಮಾಮ್ ಅಂದರೆ ಆ ಮಾಮ್ ಅಂತ ಕೂರುತ್ತದೆ. ಸಣ್ಣ ಊರಿನಿಂದ ಬಂದ ಕುಟುಂಬಕ್ಕೆ ಇಂಗ್ಲಿಷ್, ಸ್ಪ್ಯಾನಿಷ್ ಕಲಿಯುವುದರ ಜೊತೆಗೆ ಇನ್ನೊಂದು ಊರಿನ ಮಾಮ್‌ಗೂ ಹೊಂದಿಕೊಳ್ಳಬೇಕು. ಮಕ್ಕಳಿಗೆ ಅದು ಕಷ್ಟವಲ್ಲ, ಬೇಗ ಕಲಿಯುತ್ತವೆ. ಮೊನ್ನೆ ತಾನೇ ಬಂದ ನಲವತ್ತು ದಾಟಿದ ತಾಯಿಗೆ ಅಷ್ಟು ಸಮಯ ಇರುವುದಿಲ್ಲ. ಅವರ ವಿಚಾರಣೆ ದಿನಾಂಕ ಕಾಯುವುದಿಲ್ಲ.

ಅರ್ಜಿಯಲ್ಲಿ ಇನ್ನೊಂದು ಸಾಲು

ಮತ್ತೆ ನ್ಯಾಯಾಲಯಕ್ಕೆ ಬರೋಣ. ನ್ಯಾಯಾಲಯದೊಳಗೆ ದುಭಾಷಿಯನ್ನು ಸರ್ಕಾರ ಕೊಡುತ್ತದೆ. ಆದರೆ ಆಶ್ರಯ ಕೇಳಿ ತಾವಾಗಿಯೇ ಅರ್ಜಿ ಹಾಕಿದವರು ವಲಸೆ ಕಚೇರಿಯ ಸಂದರ್ಶನಕ್ಕೆ ದುಭಾಷಿಯನ್ನು ತಾವೇ ಕರೆದುಕೊಂಡು ಹೋಗಬೇಕು. ಕೋವಿಡ್ ಕಾಲದಲ್ಲಿ ಕಚೇರಿಯೇ ಫೋನಿನಲ್ಲಿ ದುಭಾಷಿ ಕೊಡುತ್ತಿತ್ತು, 2023ರ ಸೆಪ್ಟೆಂಬರ್‌ಗೆ ಅದು ನಿಂತಿತು. ಸ್ಪ್ಯಾನಿಷ್‌ನವರಿಗೆ ನೆಂಟರೋ ಸ್ನೇಹಿತರೋ ಸಿಗುತ್ತಾರೆ. ಮಾಮ್‌ನವರಿಗೆ ತಮ್ಮ ಊರಿನ ಮಾಮ್ ಮತ್ತು ಇಂಗ್ಲಿಷ್ ಎರಡೂ ಬಲ್ಲವರು ಬೇಕು. ಅಂಥವರು ಕೈಬೆರಳಲ್ಲಿ ಎಣಿಸುವಷ್ಟು.

ಪರಿಹಾರ ಅಂತ ಕೆಲವರು ಎಲ್ಲರೂ ಒಂದೇ ಮಾಮ್ ಕಲಿಯಲಿ ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಊರಿನ ಮಾತನ್ನು ಸವರಿ ಒಂದು ಮಾಡಿದರೆ ಉಳಿಯುವುದು ಯಾರ ಅಜ್ಜಿಯದ್ದೂ ಅಲ್ಲದ ಮಾಮ್. ಭಾಷೆ ಹಿಡಿದಿಟ್ಟ ಬೇರನ್ನೇ ಕತ್ತರಿಸಿದ ಹಾಗೆ. ಬದಲಾಗಬೇಕಾದದ್ದು ಅರ್ಜಿ. ಭಾಷೆ ಅನ್ನುವ ಸಾಲಿನ ಕೆಳಗೆ ಊರು ಅಂತ ಇನ್ನೊಂದು ಸಾಲು ಇರಬೇಕು. ಆಸ್ಪತ್ರೆಯಲ್ಲೂ ಶಾಲೆಯಲ್ಲೂ ಅಷ್ಟೇ. ಗ್ವಾಟೆಮಾಲಾದ ಜನಗಣತಿಯಲ್ಲಿ ಊರಿನ ಲೆಕ್ಕ ಇದ್ದೇ ಇದೆ. ದುಭಾಷಿಗಳ ಪಟ್ಟಿಯಲ್ಲೂ ಊರು ಬರೆಯಬಹುದು, ಅದಕ್ಕೆ ದುಡ್ಡು ಬೇಕಿಲ್ಲ. ಅದೇ ಊರಿನವರು ಸಿಗದಿದ್ದರೆ ಪಕ್ಕದ ಊರಿನವರು, ಅದೂ ಇಲ್ಲದಿದ್ದರೆ ಅದೇ ಪ್ರಾಂತ್ಯದವರು.

ಅನುಭವಸ್ಥ ದುಭಾಷಿಗಳು ಮಾಡುವ ಕೆಲಸ ಒಂದಿದೆ. ವಿಚಾರಣೆ ಶುರುವಾಗುವ ಮುಂಚೆ ಐದು ನಿಮಿಷ ಕೇಳಿಕೊಳ್ಳುತ್ತಾರೆ, ಸುಮ್ನೆ ಮಾತಾಡಲು. ಮೊಕದ್ದಮೆಯ ಬಗ್ಗೆ ಅಲ್ಲ. ಯಾವ ಊರು, ನಿಮ್ಮಲ್ಲಿ ಈಗ ಮಳೆಯಾ, ಜೋಳ ಬಿತ್ತಿದ್ದು ಯಾವಾಗ, ಇದಕ್ಕೆ ನಿಮ್ಮೂರಲ್ಲಿ ಏನಂತಾರೆ, ಅದಕ್ಕೆ ಏನಂತಾರೆ. ಆ ಕಡೆಯಿಂದ ಉತ್ತರ ಬರೀ ಹೂಂ ಆಗಿದ್ದರೆ ಅವರು ನ್ಯಾಯಾಧೀಶರಿಗೆ ಹೇಳುತ್ತಾರೆ: ಬೇರೆಯವರನ್ನು ಹುಡುಕಿ, ನನ್ನ ಮಾಮ್ ಇವರಿಗೆ ಅರ್ಥವಾಗುತ್ತಿಲ್ಲ. ಆ ಕಡೆಯ ಹೆಣ್ಣುಮಗಳು ನಡುವೆ ತಡೆದು "ಹಾಗಲ್ಲ, ನಮ್ಮೂರಲ್ಲಿ ಹೀಗನ್ನುತ್ತೇವೆ" ಅಂತ ತಿದ್ದಿದರೆ ಅವರು ಪೆನ್ನು ತೆಗೆದುಕೊಂಡು ಆ ಪದ ಬರೆದಿಟ್ಟುಕೊಳ್ಳುತ್ತಾರೆ. ಆಮೇಲೆ ವಿಚಾರಣೆ ಶುರು ಮಾಡಬಹುದು ಅನ್ನುತ್ತಾರೆ.